ಆಧುನಿಕ ಜಪಾನೀ ಮರದಚ್ಚಿನ ಚಿತ್ರಗಳು: ಸಂಗ್ರಹ ಮತ್ತು ವಿಮರ್ಶೆ

೧

ಒಂದೇ ಚಿತ್ರದ ಎರಡು ಹಾಳೆಗಳು ಸಂಗ್ರಾಹಕನೊಬ್ಬನ ಮುಂದಿವೆಯೆಂದು ಭಾವಿಸೋಣ. ಎರಡೂ ಒಂದೇ ಮರದ ಹಲಗೆಗಳಿಂದ ಅಚ್ಚಾದವು. ಎರಡರಲ್ಲಿಯೂ ಅದೇ ದೋಣಿ, ಅದೇ ಹಾಯಿ, ಅದೇ ನೀರು. ಆದರೆ ಒಂದರ ಅಂಚಿನಲ್ಲಿ ಎರಡೇ ಅಕ್ಷರಗಳ ಸಣ್ಣದೊಂದು ಮೊಹರಿದೆ, ಇನ್ನೊಂದರ ಅಂಚು ಬರಿದಾಗಿದೆ. ಮೊಹರುಳ್ಳ ಹಾಳೆಗೆ ಪೇಟೆಯಲ್ಲಿ ಇನ್ನೊಂದಕ್ಕಿಂತ ಹಲವು ಮಡಿ ಬೆಲೆ. ಈ ಅಂತರಕ್ಕೆ ಚಿತ್ರದೊಳಗೆ ಕಾರಣವುಂಟೆ, ಇಲ್ಲವೆ ಅಂಚಿನಲ್ಲಿ ಮಾತ್ರವೆ?

ಪ್ರಶ್ನೆ ವ್ಯಾಪಾರಕ್ಕೆ ಸೇರಿದ್ದೆಂದು ಮೇಲುನೋಟಕ್ಕೆ ತೋರಬಹುದು. ಸ್ವಲ್ಪ ವಿಚಾರಮಾಡಿದರೆ ಇದು ಕಲಾವಿಮರ್ಶೆಯ ಮೂಲಪ್ರಶ್ನೆಗಳಲ್ಲಿ ಒಂದೆಂಬುದು ವಿಶದವಾಗುತ್ತದೆ. ಅನೇಕ ಪ್ರತಿಗಳಾಗಿಯೇ ಹುಟ್ಟುವ ಕೃತಿಯಲ್ಲಿ ‘ಮೂಲ’ವೆಂಬುದು ಯಾವುದು? ಹಲವರ ಕೈಗಳಿಂದ ಸಿದ್ಧವಾದ ಕೃತಿಗೆ ಕರ್ತೃ ಯಾರು? ಇಪ್ಪತ್ತನೆಯ ಶತಮಾನದ ಜಪಾನೀ ಮರದಚ್ಚಿನ ಚಿತ್ರಗಳನ್ನು ಸಂಗ್ರಹಿಸಿದವರು ಈ ಪ್ರಶ್ನೆಗಳಿಗೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟಿದ್ದಾರೆ. ಸಹಿ, ಮೊಹರು, ಪ್ರತಿಸಂಖ್ಯೆ—ಇವು ಅವರು ನೆಚ್ಚಿದ ಪ್ರಮಾಣಗಳು. ಈ ಪ್ರಮಾಣಗಳು ಹಾಳೆಯ ಕಾಲವನ್ನು ತಿಳಿಸಬಲ್ಲವೇ ಹೊರತು ಅದರ ಗುಣವನ್ನು ತಿಳಿಸಲಾರವು. ಗುಣನಿರ್ಣಯವು ಹಾಳೆಯನ್ನು ಹಾಳೆಯೊಡನೆ ಹೋಲಿಸಿಯೇ ಆಗಬೇಕು. ಹಾಗೆ ಮಾಡಿದಾಗ ಮರೆಗೆ ಸಂದಿರುವ ಕೆತ್ತನೆಗಾರನಿಗೂ ಅಚ್ಚುಗಾರನಿಗೂ ನ್ಯಾಯವಾದ ಸ್ಥಾನ ದೊರೆಯುತ್ತದೆ—ಇದು ಪ್ರಕೃತ ಲೇಖನದ ಪ್ರತಿಪಾದನೆ.

೨

ಈ ಚಿತ್ರಗಳ ನಿರ್ಮಾಣಕ್ರಮವನ್ನು ಮೊದಲು ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. ಎಡೊ ಕಾಲದ ಉಕಿಯೊ-ಎ ಚಿತ್ರಗಳಲ್ಲಿ ನಾಲ್ವರ ಪಾಲುಂಟು. ಬಂಡವಾಳ ಹೂಡಿ ಕೆಲಸವನ್ನು ನಡೆಸುವವನು ಪ್ರಕಾಶಕ. ಚಿತ್ರಕಾರನು ತೆಳುವಾದ ಕಾಗದದ ಮೇಲೆ ರೇಖೆಗಳನ್ನು ಬರೆದುಕೊಡುತ್ತಾನೆ. ಆ ಕಾಗದವನ್ನು ಚೆರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ರೇಖೆಗಳನ್ನು ಉಳಿಸಿ ಉಳಿದ ಭಾಗವನ್ನು ಕೆತ್ತಿ ತೆಗೆಯುವವನು ಕೆತ್ತನೆಗಾರ. ಬಣ್ಣಗಳಿಗೆ ಬೇರೆ ಬೇರೆ ಹಲಗೆಗಳನ್ನು ಅವನೇ ಸಿದ್ಧಗೊಳಿಸುತ್ತಾನೆ. ಕಾಗದವು ಪ್ರತಿಸಲವೂ ಒಂದೇ ಸ್ಥಾನದಲ್ಲಿ ಕೂಡುವಂತೆ ಹಲಗೆಯ ಮೂಲೆಯಲ್ಲಿ ‘ಕೆಂತೊ’ ಎಂಬ ಗುರುತುಗಳನ್ನು ಕೊರೆಯುತ್ತಾನೆ. ಕೊನೆಗೆ ಅಚ್ಚುಗಾರನು ನೀರಿನಲ್ಲಿ ಕಲಸಿದ ಬಣ್ಣವನ್ನೂ ಅಕ್ಕಿಯ ಅಂಟನ್ನೂ ಕುಂಚದಿಂದ ಹಲಗೆಗೆ ಬಳಿದು, ತೇವಗೊಳಿಸಿದ ಕಾಗದವನ್ನು ಅದರ ಮೇಲಿಟ್ಟು, ಬಿದಿರಿನ ಪೊರೆಯಿಂದ ಹೊದಿಸಿದ ‘ಬಾರೆನ್’ ಎಂಬ ದುಂಡನೆಯ ಉಪಕರಣದಿಂದ ಹಿಂಬದಿಯಲ್ಲಿ ಉಜ್ಜುತ್ತಾನೆ. ಇಲ್ಲಿ ಯಂತ್ರವಿಲ್ಲ. ಆಕಾಶದ ನೀಲಿಯು ಮೇಲಿನಿಂದ ಕೆಳಕ್ಕೆ ಕ್ರಮೇಣ ತಿಳಿಯಾಗುವ ‘ಬೊಕಷಿ’ ಎಂಬ ಛಾಯಾವಿಧಾನವನ್ನು ಪ್ರತಿಯೊಂದು ಹಾಳೆಗೂ ಅವನು ಹೊಸದಾಗಿಯೇ ಸಾಧಿಸಬೇಕು. ಹೀಗಾಗಿ ಒಂದು ಚಿತ್ರದ ಎರಡು ಪ್ರತಿಗಳು ಪೂರ್ಣವಾಗಿ ಏಕರೂಪವಾಗಿರುವುದು ಅಸಂಭವ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದಿನ ವಾದವೆಲ್ಲ ಇದನ್ನು ಅವಲಂಬಿಸಿದೆ.

ಮೈಜಿ ಕಾಲದಲ್ಲಿ ಛಾಯಾಚಿತ್ರವೂ ಕಲ್ಲಚ್ಚೂ ಬಂದು ಈ ಕಸುಬು ಕುಗ್ಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಎರಡು ಭಿನ್ನ ಮಾರ್ಗಗಳಲ್ಲಿ ಮತ್ತೆ ಚಿಗುರಿತು. ೧೯೦೪ರಲ್ಲಿ ಯಮಮೊತೊ ಕನಯೆ ಎಂಬ ತರುಣನು ‘ಮೀನುಗಾರ’ ಎಂಬ ಚಿಕ್ಕ ಚಿತ್ರವನ್ನು ತಾನೇ ಬರೆದು, ತಾನೇ ಕೆತ್ತಿ, ತಾನೇ ಅಚ್ಚುಹಾಕಿದನು. ‘ಸ್ವಯಂ ಚಿತ್ರಣ, ಸ್ವಯಂ ಕೆತ್ತನೆ, ಸ್ವಯಂ ಮುದ್ರಣ’ ಎಂಬ ತತ್ತ್ವವನ್ನು ಹಿಡಿದ ಈ ಪಂಥಕ್ಕೆ ಸೊಸಾಕು-ಹಂಗ, ಅಂದರೆ ಸೃಜನ ಅಚ್ಚುಚಿತ್ರವೆಂದು ಹೆಸರಾಯಿತು; ೧೯೧೮ರಲ್ಲಿ ಅದಕ್ಕೊಂದು ಸಂಘವೂ ಏರ್ಪಟ್ಟಿತು. ಇತ್ತ ೧೯೧೫ರ ಹೊತ್ತಿಗೆ ಟೋಕಿಯೋದ ಪ್ರಕಾಶಕ ವತನಾಬೆ ಷೋಜಬುರೊ ಹಳೆಯ ಸಹಯೋಗಪದ್ಧತಿಯನ್ನೇ ಉಳಿಸಿಕೊಂಡು ಹೊಸ ಚಿತ್ರಕಾರರನ್ನು ಕೂಡಿಸಿದನು. ಹಷಿಗುಚಿ ಗೊಯೊ, ಇತೊ ಷಿನ್ಸುಯಿ, ಕವಸೆ ಹಸುಯಿ ಮೊದಲಾದವರು ಈ ಗುಂಪಿಗೆ ಸೇರಿದವರು. ಇದಕ್ಕೆ ಷಿನ್-ಹಂಗ, ಹೊಸ ಅಚ್ಚುಚಿತ್ರವೆಂದು ಹೆಸರು. ಒಂದು ಪಂಥಕ್ಕೆ ಒಬ್ಬನ ಕೈಯೇ ಪ್ರಮಾಣ, ಇನ್ನೊಂದಕ್ಕೆ ಹಲವರ ಕೈಗಳ ಹೊಂದಾಣಿಕೆಯೇ ಪ್ರಮಾಣ.

೩

ಈ ಎರಡು ಪಂಥಗಳ ಭಾಗ್ಯವನ್ನು ನಿರ್ಣಯಿಸುವುದರಲ್ಲಿ ವಿದೇಶೀಯ ಸಂಗ್ರಾಹಕರ ಪಾತ್ರ ದೊಡ್ಡದು. ವತನಾಬೆಯ ಗಿರಾಕಿಗಳಲ್ಲಿ ಮೊದಲಿನಿಂದಲೂ ವಿದೇಶೀಯರು ಬಹುಮಂದಿ. ಅಮೆರಿಕದ ಟೊಲೀಡೊ ಕಲಾಸಂಗ್ರಹಾಲಯದಲ್ಲಿ ೧೯೩೦ರಲ್ಲಿಯೂ ೧೯೩೬ರಲ್ಲಿಯೂ ನಡೆದ ಪ್ರದರ್ಶನಗಳು ಷಿನ್-ಹಂಗ ಚಿತ್ರಗಳಿಗೆ ಅಲ್ಲಿ ವಿಶೇಷ ಪ್ರಚಾರವನ್ನು ತಂದುಕೊಟ್ಟವು. ಮಳೆ, ಹಿಮ, ಬೆಳುದಿಂಗಳು, ದೇವಾಲಯ, ಕನ್ನಡಿಯ ಮುಂದಿನ ಹೆಣ್ಣು—ಇಂಥ ವಸ್ತುಗಳು ಮತ್ತೆ ಮತ್ತೆ ಬಂದುದಕ್ಕೆ ಈ ಬೇಡಿಕೆಯೂ ಒಂದು ಕಾರಣವೆಂಬುದನ್ನು ಒಪ್ಪಬೇಕು. ಕಾರ್ಖಾನೆಯ ಹೊಗೆಗೊಳವೆಗಳೂ ವಿದ್ಯುತ್ತಂತಿಗಳೂ ಈ ಜಪಾನಿನಲ್ಲಿ ಅಪರೂಪ.

ಎರಡನೆಯ ಮಹಾಯುದ್ಧಾನಂತರ ಗಾಳಿ ಬೇರೆ ಕಡೆಗೆ ತಿರುಗಿತು. ಅಮೆರಿಕದ ಆಕ್ರಮಣಾಡಳಿತದಲ್ಲಿ ಕೆಲಸಕ್ಕೆ ಬಂದವರಲ್ಲಿ ಕೆಲವರು ಒಂಚಿ ಕೊಷಿರೊವಿನ ಮನೆಯಲ್ಲಿ ಕೂಡುತ್ತಿದ್ದ ಸೃಜನಪಂಥದ ಕಲಾವಿದರ ಪರಿಚಯವನ್ನು ಬೆಳೆಸಿಕೊಂಡರು. ೧೯೫೧ರ ಸಾವೊ ಪೌಲೊ ದ್ವೈವಾರ್ಷಿಕ ಪ್ರದರ್ಶನದಲ್ಲಿ ಸೈತೊ ಕಿಯೊಷಿಗೆ ಬಹುಮಾನ ಬಂದಿತು. ೧೯೫೫ರಲ್ಲಿ ಅಲ್ಲಿಯೇ ಮುನಕತ ಷಿಕೊಗೂ, ಮರುವರ್ಷ ವೆನಿಸ್ಸಿನಲ್ಲಿ ಅವನಿಗೇ ಅಚ್ಚುಚಿತ್ರಗಳ ಪರಮಪ್ರಶಸ್ತಿಯೂ ದೊರೆತವು. ಅದೇ ೧೯೫೬ರಲ್ಲಿ ಆಲಿವರ್ ಸ್ಟಾಟ್ಲರ್ ಆಧುನಿಕ ಜಪಾನೀ ಅಚ್ಚುಚಿತ್ರಗಳನ್ನು ‘ಮರುಹುಟ್ಟು ಪಡೆದ ಕಲೆ’ಯೆಂದು ಬಣ್ಣಿಸುವ ಗ್ರಂಥವನ್ನು ಪ್ರಕಟಿಸಿದನು. ಅದಕ್ಕೆ ಪೀಠಿಕೆ ಬರೆದ ಕಾದಂಬರಿಕಾರ ಜೇಮ್ಸ್ ಮಿಚನರನು ೧೯೬೨ರಲ್ಲಿ, ಹತ್ತು ಮಂದಿ ಕಲಾವಿದರ ಅಚ್ಚುಚಿತ್ರಗಳನ್ನೇ ಒಳಗೊಂಡ ತನ್ನ ಪುಸ್ತಕವನ್ನು ಹೊರತಂದನು.

ಈ ಮಹನೀಯರ ಉಪಕಾರ ಸಣ್ಣದಲ್ಲ. ಸ್ವದೇಶದಲ್ಲಿ ಹೆಚ್ಚು ಮನ್ನಣೆ ಕಾಣದಿದ್ದ ಹಲವು ಕಲಾವಿದರಿಗೆ ಅವರಿಂದ ಜೀವನೋಪಾಯವೂ ಕೀರ್ತಿಯೂ ಒದಗಿದವು. ಆದರೆ ಮರುಹುಟ್ಟೆಂಬ ಮಾತಿನ ಒಳಗೇ ಒಂದು ತೀರ್ಪು ಅಡಗಿದೆ. ಕಲೆ ಒಮ್ಮೆ ಸತ್ತಿತ್ತು, ಅದನ್ನು ಬದುಕಿಸಿದ್ದು ಸೃಜನಪಂಥ ಎಂದಾದರೆ, ಆ ನಡುವೆ ವತನಾಬೆಯ ಕಾರ್ಯಾಗಾರದಲ್ಲಿ ನಡೆದುದೆಲ್ಲ ಕಲೆಯಲ್ಲವೆಂದು ಹೇಳಿದಂತಾಯಿತು. ಷಿನ್-ಹಂಗ ವ್ಯಾಪಾರದ ಸರಕು, ಸೊಸಾಕು-ಹಂಗ ಶುದ್ಧ ಕಲೆ ಎಂಬ ವಿಭಾಗ ಬಹುಕಾಲ ವಿಮರ್ಶೆಯಲ್ಲಿ ಬೇರೂರಿ ನಿಂತಿತು. ಆ ಕಾಲದಲ್ಲಿಯೂ ಷಿನ್-ಹಂಗವನ್ನು ಪ್ರೀತಿಯಿಂದ ಕೂಡಿಟ್ಟವರು ಇದ್ದರು. ರಾಬರ್ಟ್ ಮುಲ್ಲರನು ವಿದ್ಯಾರ್ಥಿದೆಸೆಯಿಂದ ಆರಂಭಿಸಿ ಜೀವನವಿಡೀ ಸಂಗ್ರಹಿಸಿದ ನಾಲ್ಕು ಸಾವಿರಕ್ಕೂ ಮಿಕ್ಕ ಹಾಳೆಗಳು ೨೦೦೩ರಲ್ಲಿ ಅವನು ತೀರಿಕೊಂಡ ಮೇಲೆ ವಾಷಿಂಗ್ಟನ್ನಿನ ಸ್ಯಾಕ್ಲರ್ ಕಲಾಶಾಲೆಗೆ ಸೇರಿದವು. ಇಂದು ಹಸುಯಿಯ ಹಿಮದ ದೃಶ್ಯಗಳಿಗೆ ಸಂಗ್ರಾಹಕರು ಮುಗಿಬೀಳುತ್ತಾರೆ. ಅಭಿರುಚಿಯು ಹೀಗೆ ಒಂದು ತುದಿಯಿಂದ ಇನ್ನೊಂದಕ್ಕೆ ತೂಗಿದುದಕ್ಕೆ ಚಿತ್ರಗಳು ಕಾರಣವಲ್ಲ. ಅವು ಬದಲಾಗಿಲ್ಲ.

೪

ಇನ್ನು ಸಂಗ್ರಾಹಕರ ಪ್ರಮಾಣಗಳನ್ನು ಪರೀಕ್ಷಿಸೋಣ. ಲೇಖನದ ಆರಂಭದಲ್ಲಿ ಹೇಳಿದ ಮೊಹರು ಯೊಷಿದ ಹಿರೊಷಿಯದು. ೧೮೭೬ರಲ್ಲಿ ಹುಟ್ಟಿದ ಈತ ಮೊದಲು ತೈಲವರ್ಣ, ಜಲವರ್ಣಗಳಲ್ಲಿ ಹೆಸರು ಪಡೆದು, ೧೯೨೫ರಲ್ಲಿ ಪ್ರಕಾಶಕನ ಹಂಗನ್ನು ತೊರೆದು ತನ್ನದೇ ಕಾರ್ಯಾಗಾರವನ್ನು ಸ್ಥಾಪಿಸಿದನು. ಅವನ ಜೀವಿತಕಾಲದ ಹಾಳೆಗಳ ಅಂಚಿನಲ್ಲಿರುವ ಮೊಹರು ‘ಜಿಜುರಿ’, ಅಂದರೆ ‘ಸ್ವಯಂ ಮುದ್ರಿತ’. ೧೯೫೦ರಲ್ಲಿ ಅವನು ತೀರಿಕೊಂಡ ಮೇಲೆ ಮನೆಯವರು ಅದೇ ಹಲಗೆಗಳಿಂದ ತೆಗೆಸಿದ ಪ್ರತಿಗಳಲ್ಲಿ ಈ ಮೊಹರಿಲ್ಲ. ಬೆಲೆಯ ಅಂತರಕ್ಕೆ ಇದೇ ಕಾರಣ.

ಆದರೆ ಆ ಮೊಹರಿನ ಅಕ್ಷರಾರ್ಥವನ್ನು ನಂಬುವುದು ತಪ್ಪಾಗುತ್ತದೆ. ಯೊಷಿದನು ಕೆತ್ತನೆಯನ್ನೂ ಮುದ್ರಣವನ್ನೂ ಬಲ್ಲವನಾಗಿದ್ದರೂ, ಅವನ ಕಾರ್ಯಾಗಾರದಲ್ಲಿ ನುರಿತ ಕೆತ್ತನೆಗಾರರೂ ಅಚ್ಚುಗಾರರೂ ಕೆಲಸಮಾಡುತ್ತಿದ್ದರು. ‘ಸ್ವಯಂ ಮುದ್ರಿತ’ವೆಂದರೆ ಅವನ ಕಣ್ಣೆದುರಿನಲ್ಲಿ, ಅವನ ಒಪ್ಪಿಗೆಯಂತೆ ಮುದ್ರಿತವಾದುದು ಎಂದಷ್ಟೇ ಅರ್ಥ. ಬಾರೆನ್ ಹಿಡಿದ ಕೈ ಬೇರೆಯವನದು. ಸಂಗ್ರಾಹಕನು ಅಧಿಕ ಬೆಲೆಯನ್ನು ತೆರುತ್ತಿರುವುದು ಮೇಲ್ವಿಚಾರಣೆಗೆ. ಅದು ಬೆಲೆಯಿಲ್ಲದ್ದೆಂದು ನಾನು ಹೇಳುತ್ತಿಲ್ಲ. ಯೊಷಿದನ ಕಣ್ಣು ಕಟ್ಟುನಿಟ್ಟಾದುದು. ಆದರೆ ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂಬುದು ತಿಳಿದಿರಬೇಕು.

ಇದಕ್ಕೆ ವಿಪರೀತವಾದ ನಿದರ್ಶನವನ್ನು ಸೃಜನಪಂಥವೇ ಒದಗಿಸುತ್ತದೆ. ಒಂಚಿ ಆ ಪಂಥದ ಮುಂದಾಳು. ಕವಿ ಹಗಿವರ ಸಕುತರೊನ ಮುಖವನ್ನು ಚಿತ್ರಿಸುವ, ೧೯೪೩ರ ಅವನ ಅಚ್ಚುಚಿತ್ರ ಆಧುನಿಕ ಜಪಾನೀ ಕಲೆಯ ಶ್ರೇಷ್ಠ ಕೃತಿಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಸುಕ್ಕುಗಟ್ಟಿದ ಆ ಮುಖದಲ್ಲಿ ಯುದ್ಧಕಾಲದ ದುಗುಡವೇ ಮೈದಾಳಿದಂತಿದೆ. ಒಂಚಿ ತಾನೇ ತೆಗೆದ ಪ್ರತಿಗಳು ಕೆಲವೇ ಕೆಲವು. ಚಿತ್ರವು ಹೆಚ್ಚಾಗಿ ಲೋಕಕ್ಕೆ ಪರಿಚಿತವಾದುದು ಸೆಕಿನೊ ಜುನ್‌ಇಚಿರೊ ಮತ್ತು ಹಿರಾಯಿ ಕೊಯಿಚಿ ಎಂಬ ಇತರರು ತೆಗೆದ ಪ್ರತಿಗಳಿಂದ. ಸ್ವಯಂ ಮುದ್ರಣವೇ ಕಲೆಯ ಲಕ್ಷಣವೆಂಬ ತತ್ತ್ವವನ್ನು ಅಕ್ಷರಶಃ ಹಿಡಿದರೆ ಈ ಹಾಳೆಗಳನ್ನು ಕಲೆಯಿಂದ ಹೊರಗಿಡಬೇಕಾಗುತ್ತದೆ. ಹಾಗೆ ಹೊರಗಿಡಲು ಯಾವ ಸಂಗ್ರಹಾಲಯವೂ ಸಿದ್ಧವಿಲ್ಲ.

ಮುನಕತ ಷಿಕೊವಿನ ಪ್ರಸಿದ್ಧ ಕೃತಿಯಾದ ಶಾಕ್ಯಮುನಿಯ ಹತ್ತು ಮಹಾಶಿಷ್ಯರು ಮತ್ತು ಇಬ್ಬರು ಬೋಧಿಸತ್ವರ ಚಿತ್ರಮಾಲೆ ೧೯೩೯ರದು. ಬೋಧಿಸತ್ವರ ಎರಡು ಹಲಗೆಗಳು ಯುದ್ಧಕಾಲದಲ್ಲಿ ನಷ್ಟವಾದುದರಿಂದ ೧೯೪೮ರಲ್ಲಿ ಅವನು ಅವನ್ನು ಹೊಸದಾಗಿ ಕೆತ್ತಿದನು. ಆದ್ದರಿಂದ ಯುದ್ಧಾನಂತರದ ಪೂರ್ಣಮಾಲೆಯಲ್ಲಿ ಹತ್ತು ಚಿತ್ರಗಳು ಒಂದು ಕಾಲದ ಹಲಗೆಯವು, ಎರಡು ಇನ್ನೊಂದು ಕಾಲದವು. ಇಲ್ಲಿ ‘ಮೊದಲ ಆವೃತ್ತಿ’ಯೆಂಬ ಮಾತಿಗೆ ಅರ್ಥ ಹಚ್ಚುವುದು ಸುಲಭವಲ್ಲ.

ಅಪೂರ್ವತೆಯನ್ನು ಕುರಿತೂ ಇದೇ ಮಾತು. ೧೯೨೩ರ ಸೆಪ್ಟೆಂಬರ್ ೧ರ ಮಹಾಭೂಕಂಪ ಮತ್ತು ಅದರ ಬೆನ್ನಿಗೆ ಎದ್ದ ಬೆಂಕಿಯಲ್ಲಿ ವತನಾಬೆಯ ಅಂಗಡಿಯೂ ಹಲಗೆಗಳೂ ದಾಸ್ತಾನೂ ಸುಟ್ಟುಹೋದವು. ಹಸುಯಿಯ ರೇಖಾಪುಸ್ತಕಗಳೂ ಹೋದವು. ಭೂಕಂಪಪೂರ್ವದ ಹಾಳೆಗಳು ದುರ್ಲಭವಾಗಿರುವುದು ಈ ಕಾರಣದಿಂದ. ಈ ಹಾಳೆಗಳಲ್ಲಿ ಒಂದು ನಿಜವಾದ ವೈಶಿಷ್ಟ್ಯವೂ ಉಂಟು: ಬಾರೆನ್ ತಿರುಗಿದ ಸುಳಿಗುರುತುಗಳನ್ನು ಅವುಗಳಲ್ಲಿ ಬೇಕೆಂದೇ ಉಳಿಸಿ, ಆಕಾಶಕ್ಕೂ ಹಿನ್ನೆಲೆಗೂ ಒಂದು ಸಜೀವವಾದ ಕದಲಿಕೆಯನ್ನು ತಂದಿದ್ದಾರೆ. ಆದರೆ ಸಂಗ್ರಾಹಕನು ಆ ಸುಳಿಗಳನ್ನು ನೋಡಿ ಮೆಚ್ಚುವುದು ಬೇರೆ, ಬೆಂಕಿಯಲ್ಲಿ ಉಳಿದವು ಎಷ್ಟೆಂದು ಎಣಿಸಿ ಮೆಚ್ಚುವುದು ಬೇರೆ. ಮೊದಲನೆಯದು ರಸಗ್ರಹಣ, ಎರಡನೆಯದು ಲೆಕ್ಕ.

ಪೆನ್ಸಿಲಿನಲ್ಲಿ ಬರೆದ ಪ್ರತಿಸಂಖ್ಯೆಯಂತೂ ಪಾಶ್ಚಾತ್ಯ ಲೋಹಫಲಕ ಮುದ್ರಣದ ಸಂಪ್ರದಾಯದಿಂದ ಬಂದದ್ದು. ಯುದ್ಧಾನಂತರದ ಕೊಳ್ಳುವವರ ಅಪೇಕ್ಷೆಗೆ ಅನುಗುಣವಾಗಿ ಸೃಜನಪಂಥದವರಲ್ಲಿ ಅದು ಬಳಕೆಗೆ ಬಂದಿತು. ನೂರರಲ್ಲಿ ಏಳನೆಯದೆಂಬ ಗುರುತು ಆ ಹಾಳೆ ತೊಂಬತ್ತನೆಯದಕ್ಕಿಂತ ಉತ್ತಮವೆಂದು ಹೇಳುವುದಿಲ್ಲ. ಅಚ್ಚಾದ ಅನುಕ್ರಮದಲ್ಲಿಯೇ ಸಂಖ್ಯೆ ಹಾಕಲಾಗಿದೆಯೆಂಬ ಭರವಸೆಯನ್ನೂ ಕೊಡುವುದಿಲ್ಲ.

೫

ಈ ಪ್ರಮಾಣಗಳಿಂದ ಆಗಿರುವ ಅತಿದೊಡ್ಡ ಅನ್ಯಾಯ ಕುಶಲಕರ್ಮಿಗಳಿಗೆ. ಸಂಗ್ರಹಾಲಯದ ಹೆಸರುಪಟ್ಟಿಯಲ್ಲಿ ಚಿತ್ರಕಾರನ ಹೆಸರು ಮೊದಲು ಬರುತ್ತದೆ. ಅನೇಕವೇಳೆ ಪ್ರಕಾಶಕನ ಹೆಸರೂ ಬರುತ್ತದೆ. ಕೂದಲೆಳೆಯಷ್ಟು ಸೂಕ್ಷ್ಮವಾದ ರೇಖೆಯನ್ನು ಮರದಲ್ಲಿ ಉಳಿಸಿದವನ ಹೆಸರು ಬರುವುದು ಅಪರೂಪ.

ದೋಯಿ ಎಂಬ ಪ್ರಕಾಶಕರ ಹಾಳೆಗಳು ಈ ಮಾತಿಗೆ ಅಪವಾದ. ಅವುಗಳ ಅಂಚಿನಲ್ಲಿ ಕೆತ್ತನೆಗಾರ ಮತ್ತು ಅಚ್ಚುಗಾರರ ಹೆಸರುಗಳು ಅಚ್ಚಾಗಿರುವುದುಂಟು. ಸಂಗ್ರಾಹಕರು ಈ ಹೆಸರುಗಳನ್ನು ಬಹಳ ಶ್ರದ್ಧೆಯಿಂದ ಓದುತ್ತಾರೆ. ಆದರೆ ಯಾತಕ್ಕಾಗಿ? ಯಾವ ಜೋಡಿ ಹೆಸರು ಯಾವ ಕಾಲದ್ದೆಂದು ಗೊತ್ತುಮಾಡಿ, ಹಾಳೆ ಮೊದಲಿನದೋ ಈಚಿನದೋ ಎಂದು ತಿಳಿಯುವುದಕ್ಕಾಗಿ. ಗೌರವಕ್ಕೆಂದು ಅಚ್ಚುಹಾಕಿದ ಹೆಸರು ಕಾಲನಿರ್ಣಯದ ಸಾಧನವಾಗಿ ಮಾತ್ರ ಉಳಿದಿದೆ. ಆ ಅಚ್ಚುಗಾರನ ಕೈ ಹೇಗಿತ್ತು, ಅವನ ಸಂಜೆಯ ಆಕಾಶ ಮುಂದಿನವನ ಸಂಜೆಗಿಂತ ಹೇಗೆ ಭಿನ್ನ ಎಂಬ ವಿಚಾರ ವಿರಳವಾಗಿಯೇ ನಡೆಯುತ್ತದೆ.

ಜಪಾನ್ ಸರಕಾರವೇ ಒಮ್ಮೆ ಇದಕ್ಕಿಂತ ಸರಿಯಾದ ದೃಷ್ಟಿಯನ್ನು ತೋರಿತು. ೧೯೫೩ರಲ್ಲಿ ಸಾಂಸ್ಕೃತಿಕ ಸಂಪತ್ತಿನ ರಕ್ಷಣಾ ಸಮಿತಿಯ ಪ್ರೇರಣೆಯಿಂದ ಹಸುಯಿಯ ‘ಜೋಜೋಜಿಯಲ್ಲಿ ಹಿಮ’ವೂ ಷಿನ್ಸುಯಿಯ ‘ಕೇಶ’ವೂ ಸಿದ್ಧವಾದವು. ಸಾಂಪ್ರದಾಯಿಕ ಮರದಚ್ಚಿನ ವಿದ್ಯೆಯನ್ನು ದಾಖಲುಮಾಡಿ ಉಳಿಸುವುದು ಅದರ ಉದ್ದೇಶವಾಗಿತ್ತು. ಅಲ್ಲಿ ಸಂರಕ್ಷಣೆಗೆ ಅರ್ಹವೆನಿಸಿದ್ದು ಒಂದು ಹಾಳೆಗಿಂತ ಹೆಚ್ಚಾಗಿ ಆ ಹಾಳೆಯನ್ನು ಸಾಧ್ಯಗೊಳಿಸುವ ಕೈಗಳ ವಿದ್ಯೆ. ಇದಾದ ಮೂರೇ ವರ್ಷಗಳಲ್ಲಿ ವಿದೇಶೀಯ ವಿಮರ್ಶೆ ಒಬ್ಬನ ಕೈಯ ತತ್ತ್ವವನ್ನು ಎತ್ತಿಹಿಡಿಯಿತೆಂಬುದು ಗಮನಾರ್ಹ.

೬

ಹಾಗಾದರೆ ಸಂಗ್ರಾಹಕನು ನೋಡಬೇಕಾದುದೇನು? ಮೊದಲು ರೇಖೆ. ಹಲಗೆ ಸವೆದಂತೆ ರೇಖೆ ದಪ್ಪವಾಗಿ, ಅಲ್ಲಲ್ಲಿ ತುಂಡಾಗುತ್ತದೆ. ಎರಡನೆಯದಾಗಿ ಬಣ್ಣಗಳ ಕೂಡಿಕೆ: ಒಂದು ಬಣ್ಣ ಇನ್ನೊಂದರ ಗಡಿಯನ್ನು ದಾಟಿದೆಯೆ, ನಡುವೆ ಬಿಳಿಯ ಎಳೆ ಉಳಿದಿದೆಯೆ? ಮೂರನೆಯದಾಗಿ ಹಾಳೆಯ ಬೆನ್ನು. ಚೆನ್ನಾಗಿ ಒತ್ತಿದ ಬಣ್ಣ ಕಾಗದದ ನಾರಿನೊಳಕ್ಕೆ ಇಳಿದು ಹಿಂಬದಿಯಲ್ಲಿಯೂ ಕಾಣಿಸುತ್ತದೆ. ಹಾಳೆಯನ್ನು ರಟ್ಟಿಗೆ ಅಂಟಿಸಿದವರು ಈ ಸಾಕ್ಷಿಯನ್ನು ಮುಚ್ಚಿದಂತೆಯೇ ಸರಿ. ನಾಲ್ಕನೆಯದಾಗಿ ಕಾಲದ ಗಾಯಗಳು: ಬೆಳಕಿಗೆ ಮಾಸಿದ ಬಣ್ಣ, ಕೀಳು ರಟ್ಟಿನಿಂದ ಕಂದಿದ ಅಂಚು, ಕತ್ತರಿಸಿದ ಮೇರೆ. ಜೀವಿತಕಾಲದ ಮೊಹರಿದ್ದೂ ಹತ್ತಾರು ವರ್ಷ ಬಿಸಿಲಿಗೆ ತೂಗಿದ ಹಾಳೆಯಲ್ಲಿ ಚಿತ್ರಕಾರನು ಉದ್ದೇಶಿಸಿದ ಸಂಜೆ ಉಳಿದಿರುವುದಿಲ್ಲ. ಮೊಹರಿಲ್ಲದೆ, ಕತ್ತಲಲ್ಲಿ ಜೋಪಾನವಾಗಿದ್ದ ಹಾಳೆಯಲ್ಲಿ ಅದು ಉಳಿದಿರಬಹುದು.

ಯೊಷಿದನ ೧೯೨೬ರ ‘ಹಾಯಿದೋಣಿಗಳು’ ಈ ಬಗೆಯ ನೋಟಕ್ಕೆ ಒಳ್ಳೆಯ ಪಾಠಶಾಲೆ. ಒಂದೇ ಚಿತ್ರದ ಹಲಗೆಗಳಿಂದ, ಬಣ್ಣಗಳನ್ನು ಬದಲಿಸಿ, ಬೆಳಗು, ಮಧ್ಯಾಹ್ನ, ಮಂಜು, ಸಂಜೆ, ರಾತ್ರಿ ಎಂದು ಬೇರೆ ಬೇರೆ ಚಿತ್ರಗಳನ್ನು ಅವನು ತೆಗೆದನು. ಕೆತ್ತನೆ ಒಂದೇ, ಹೊತ್ತು ಬೇರೆ. ಹೊತ್ತನ್ನು ತಂದುದು ಮುದ್ರಣ. ೧೯೩೦-೩೧ರಲ್ಲಿ ಅವನು ಮಗ ತೋಷಿಯೊಡನೆ ಭಾರತದಲ್ಲಿ ಸಂಚರಿಸಿ, ಅಜಂತಾ, ಕಾಶಿ, ಉದಯಪುರ, ಮಧುರೆ, ಕಾಂಚನಗಂಗಾ ಮೊದಲಾದ ದೃಶ್ಯಗಳನ್ನು ಅಚ್ಚುಚಿತ್ರಗಳಾಗಿ ಮಾಡಿದನು. ತಾಜಮಹಲನ್ನು ಮುಂಜಾವಿನ ಮಂಜಿನಲ್ಲಿಯೂ ರಾತ್ರಿಯ ನೀಲಿಯಲ್ಲಿಯೂ ತೋರಿಸುವ ಅವನ ಹಾಳೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಕಣ್ಣಿಗೆ ಸವೆದುಹೋಗಿರುವ ಆ ಕಟ್ಟಡ ಮತ್ತೆ ಹೊಸದಾಗುತ್ತದೆ. ಆ ಹೊಸತನದಲ್ಲಿ ಹೆಸರು ತಿಳಿಯದ ಅಚ್ಚುಗಾರನ ಪಾಲೂ ಇದೆ.

ಇದಕ್ಕೊಂದು ಆಕ್ಷೇಪ ಬರಬಹುದು. ಮೊಹರನ್ನೂ ಕಾಲವನ್ನೂ ಕಡೆಗಣಿಸಿದರೆ ಮೋಸಕ್ಕೆ ಬಾಗಿಲು ತೆರೆದಂತಾಗದೆ? ಆಕ್ಷೇಪ ಯುಕ್ತವಾದುದೇ. ಹಷಿಗುಚಿ ಗೊಯೊ ೧೯೨೧ರಲ್ಲಿ ತೀರಿಕೊಂಡಾಗ ಪೂರ್ಣಗೊಂಡಿದ್ದ ಅವನ ಅಚ್ಚುಚಿತ್ರಗಳು ಹದಿನಾಲ್ಕು ಮಾತ್ರ. ಉಳಿದವನ್ನು ಮನೆಯವರು ಅನಂತರ ಪೂರ್ಣಗೊಳಿಸಿದರು. ಮುದ್ರಣದ ವಿಷಯದಲ್ಲಿ ಅಷ್ಟು ನಿಷ್ಠುರನಾಗಿದ್ದವನು ಕಂಡೇ ಇರದ ಹಾಳೆಯನ್ನು ಅವನು ಒಪ್ಪಿದ ಹಾಳೆಯೆಂದು ಮಾರುವುದು ಅಪ್ರಾಮಾಣಿಕತೆ. ಆದ್ದರಿಂದ ಕಾಲನಿರ್ಣಯ ಬೇಕೇ ಬೇಕು. ಆದರೆ ಅದು ವಿಮರ್ಶೆಯ ಮೊದಲ ಮೆಟ್ಟಿಲು. ಹಸ್ತಪ್ರತಿಗಳನ್ನು ಸಂಪಾದಿಸುವ ವಿದ್ವಾಂಸರಿಗೆ ಈ ವಿವೇಕ ಪರಿಚಿತವಾದುದು. ಪ್ರತಿ ಹಳೆಯದೆಂದ ಮಾತ್ರಕ್ಕೆ ಅದರ ಪಾಠವೆಲ್ಲ ಶುದ್ಧವೆಂದು ಅವರು ಹೇಳುವುದಿಲ್ಲ. ಈಚಿನ ಪ್ರತಿಯೊಂದು ಉತ್ತಮ ಪಾಠವನ್ನು ಉಳಿಸಿಕೊಂಡಿರುವುದನ್ನು ಅವರು ಬಲ್ಲರು. ಅವರು ಪ್ರತಿಗಳನ್ನು ತೂಗುತ್ತಾರೆ. ಅಚ್ಚುಚಿತ್ರದ ಸಂಗ್ರಾಹಕನ ಕೆಲಸವೂ ಇಂಥದೇ. ಅವನೂ ಒಬ್ಬ ಪಾಠಪರಿಶೋಧಕ.

ವತನಾಬೆಯ ಸಂಸ್ಥೆ ಇಂದಿಗೂ ಟೋಕಿಯೋದ ಗಿಂಜಾದಲ್ಲಿದೆ. ಹಸುಯಿ ೧೯೫೭ರಲ್ಲಿ ತೀರಿಕೊಂಡ ಮೇಲೂ ಅವನ ಚಿತ್ರಗಳು ಅಲ್ಲಿಂದ ಅಚ್ಚಾಗಿ ಹೊರಬಂದಿವೆ. ಹಾಗೆ ಈಚೆಗೆ ಅಚ್ಚಾದ ಒಂದು ಹಾಳೆಯನ್ನು ಸಾಧಾರಣ ವರಮಾನದ ಅಧ್ಯಾಪಕನೊಬ್ಬನು ಕೊಂಡು ಮನೆಯಲ್ಲಿಟ್ಟುಕೊಂಡರೆ ಅವನು ನಾಚಬೇಕಾದುದಿಲ್ಲ. ಅದು ತನ್ನ ಕಾಲವನ್ನು ಮರೆಮಾಚದೆ ಹೇಳುವವರೆಗೆ, ಅದರ ಮಳೆ ಮಳೆಯಾಗಿ ಕಾಣುವವರೆಗೆ, ಅದು ಆ ಕಲೆಯ ನಿಜವಾದ ಪ್ರತಿಯೇ. ಅವನು ಮಾಡಬೇಕಾದುದು ಇಷ್ಟು: ಅವಕಾಶ ದೊರೆತಾಗ ಅದೇ ಚಿತ್ರದ ಇನ್ನೊಂದು ಹಾಳೆಯನ್ನು ಹುಡುಕಿ ನೋಡುವುದು, ಅವೆರಡರ ಆಕಾಶಗಳನ್ನು ಹೋಲಿಸುವುದು, ಅಂತರ ಕಂಡಾಗ, ಅದನ್ನು ಉಂಟುಮಾಡಿದ ಕೈ ಯಾರದೆಂದು ಕೇಳುವುದು.